ಪಿಸುಮಾತು ಎಂಬ ಪಿಟೀಲು

ಫೆಬ್ರವರಿ ೩

ಪ್ರೀತಿಯ ಮಾವನವರಿಗೆ,

ನೀವು ಮಾಡಿಕೊಟ್ಟ ಪಿಟೀಲು ನನ್ನ ಕೈಗೆ ಒಗ್ಗಲಿಲ್ಲ.

ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಅಪ್ಪನಿಗೆ ಹೇಳಿದರೆ ಅಮ್ಮನಿಗೆ ಮುಟ್ಟುತ್ತದೆ, ಅಮ್ಮನಿಗೆ ಹೇಳಿದರೆ ಅಂದೇ ಅವಳ ಅಣ್ಣನಾದ ನಿಮಗೆ ಮುಟ್ಟುತ್ತದೆ. ನೀವು ಮನೆಗೆ ಬಂದಾಗಲೆಲ್ಲ ಒಳಗೆ ಕಾಲಿಡುವ ಮೊದಲೇ "ಹೇಗಿದಾಳೆ ನಮ್ಮ ಹುಡುಗಿ?" ಎಂದು ಕೇಳುತ್ತಿದ್ದಿರಿ. ಕೇಳುತ್ತಿದ್ದದ್ದು ನನ್ನನ್ನಲ್ಲ, ಪಿಟೀಲನ್ನು. "ಚೆನ್ನಾಗಿದಾಳೆ" ಎನ್ನುತ್ತಿದ್ದೆ. ಅದು ಸುಳ್ಳಲ್ಲ. ಅವಳು ಚೆನ್ನಾಗಿಯೇ ಇದ್ದಾಳೆ. ನಾವಿಬ್ಬರೂ ಕೂಡಿದರೆ ಚೆನ್ನಾಗಿರುವುದಿಲ್ಲ, ಅಷ್ಟೆ.

ನಾನು ಶಾಲೆ ಬಿಟ್ಟ ವರ್ಷ ಅದನ್ನು ತಂದುಕೊಟ್ಟಿರಿ. ಬಿಡುವ ಕಾರಣ ಬರೆದುಕೊಡು ಎಂದು ಹೆಡ್‌ಮೇಷ್ಟ್ರು ಕೇಳಿದಾಗ ನಾನು 'ಬೇಜಾರು' ಎಂದು ಬರೆದಿದ್ದೆ. "ಮನೆಯ ತೊಂದರೆ ಅಂತ ಹಾಕಮ್ಮ, ನೋಡೋಕೆ ಚೆನ್ನಾಗಿರತ್ತೆ" ಎಂದರು. ಮನೆಯಲ್ಲಿ ಏನೂ ತೊಂದರೆ ಇರಲಿಲ್ಲ, ಹಾಕಲಿಲ್ಲ. ತೊಂದರೆ ಶುರುವಾದದ್ದು ಆಮೇಲೆ. ಅಮ್ಮ ನನ್ನ ಜೊತೆ ಮಾತು ಬಿಟ್ಟಳು. ಆಗ ಬೈಯದೆ ಇದ್ದವರು ನೀವೊಬ್ಬರೇ. ಪೆಟ್ಟಿಗೆ ತಂದು ನನ್ನ ಮಡಿಲಿಗೆ ಇಟ್ಟು "ಇದು ನಿಂದು" ಎಂದಿರಿ. ಹಾಗೆ ಕೊಟ್ಟದ್ದನ್ನು ಒಗ್ಗಲಿಲ್ಲ ಎನ್ನುವುದು ಹೇಗೆ?

ಈಗ ಹೇಳಲೇಬೇಕಾಗಿದೆ. ಈ ಊರಿಗೆ ಬಂದು ನಾನು ಕೆಲಸಕ್ಕೆ ಸೇರಿದ ಲಾಂಡ್ರಿಯ ಹಿಂದೆ ಒಂದು ಗೋದಾಮಿದೆ. ಭಾನುವಾರ ಅಲ್ಲಿ ಒಂದು ವಾದ್ಯತಂಡ ಅಭ್ಯಾಸ ಮಾಡುತ್ತದೆ. ಎರಡು ತುತ್ತೂರಿ, ಅಕಾರ್ಡಿಯನ್, ದೊಡ್ಡ ಡ್ರಮ್ಮು. ವರ್ಷದ ಅರ್ಧ ಊರೂರು ತಿರುಗಿ ಸಂತೆಬೀದಿಯಲ್ಲಿ, ಬಯಲಿನಲ್ಲಿ ಬಾರಿಸುವವರು. ಮೈಕು ಇಟ್ಟುಕೊಳ್ಳುವುದಿಲ್ಲ. ಅವರ ಪಿಟೀಲುಗಾರ ಬಿಟ್ಟುಹೋಗಿದ್ದಾನೆ ಎಂದು ಕೇಳಿ ನಾನು ಹೋದೆ. ತಂಡದ ಯಜಮಾನರನ್ನು ಎಲ್ಲರೂ ತುತ್ತೂರಿಯಣ್ಣ ಎನ್ನುತ್ತಾರೆ. ನಾನು ಬೆವರು ಹರಿಯುವ ಹಾಗೆ ಬಾರಿಸಿದ ಮೇಲೆ ಅವರು, "ಕೈ ಆಡ್ತಾ ಇರೋದು ಕಣ್ಣಿಗೆ ಕಾಣ್ತು ಕಣಮ್ಮ. ಕಿವಿಗೆ ಯಾವಾಗ ಬರತ್ತೆ?" ಎಂದರು. ಡ್ರಮ್ಮಿನವನು ಬಿದ್ದುಬಿದ್ದು ನಕ್ಕ.

ಆಮೇಲೆ ತಂಡದ ಟ್ರಂಕಿನಿಂದ ಹಳೆಯ ಪಿಟೀಲೊಂದನ್ನು ತೆಗೆದು ಕೊಟ್ಟರು. ದಪ್ಪ ಹಲಗೆ, ಬಾಗಿಲಿಗೆ ಬಳಿಯುವ ಬಣ್ಣ. ಕಮಾನು ಇಟ್ಟು ಎಳೆದೆ. ಮಾವ, ನಾನು ಬಾರಿಸಿದ್ದು ನನಗೇ ಮೊದಲ ಸಲ ಕೇಳಿಸಿತು.

ಏಪ್ರಿಲ್ ಕೊನೆಗೆ ತಂಡ ಹೊರಡುತ್ತದೆ. ನಾನು ಹೋಗಬೇಕೆಂದಿದ್ದೇನೆ. ನಿಮ್ಮ ಪಿಟೀಲನ್ನು ನಿಮಗೇ ಕಳಿಸಲೇ, ಅಥವಾ ಅದಕ್ಕೆ ತಕ್ಕ ಕೈ ಹುಡುಕಿ ಕೊಡಲೇ? ಪೆಟ್ಟಿಗೆಯಲ್ಲಿ ಮಲಗಿಸಿಡುವುದು ಮಾತ್ರ ನನ್ನಿಂದಾಗದು. ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮ
ಪಿಸುಮಾತು


ಫೆಬ್ರವರಿ ೧೪

ಪಿಸುಮಾತಿಗೆ,

ನಿನ್ನ ಕಾಗದ ಓದಿದ ಮೇಲೆ ಅಂಟಿನ ಬಟ್ಟಲು ಒಲೆಯ ಮೇಲೆ ಹೊತ್ತಿಹೋಯಿತು. ಕೋಣೆಯಲ್ಲಿ ಇನ್ನೂ ಕಮಟು ವಾಸನೆ. ಅದರ ಲೆಕ್ಕವೂ ನಿನ್ನ ತಲೆಗೇ.

ಮೊದಲು ಭಾಷೆ ಸರಿಮಾಡಿಕೋ. ಪಿಟೀಲನ್ನು ನುಡಿಸುತ್ತಾರೆ. ಬಾರಿಸುವುದು ನಗಾರಿಯನ್ನು. ಒಂದೇ ಕಾಗದದಲ್ಲಿ ಎಷ್ಟು ಸಲ ಬಾರಿಸಿದ್ದೀಯೆ! ನನ್ನ ಕೆನ್ನೆಗೇ ಬಾರಿಸಿದ ಹಾಗಾಯಿತು. ನಿನ್ನ ಕೈಯಲ್ಲಿರುವುದು ಕಮಾನೋ ಗರಗಸವೋ?

ಅದನ್ನು ನಾನು ಅಂದಾಜಿನ ಮೇಲೆ ಮಾಡಲಿಲ್ಲ. ಆಗ ನೀನು ಶಾಲೆಯ ಪಿಟೀಲನ್ನು ಮನೆಗೆ ತಂದು ಕಲಿಯುತ್ತಿದ್ದೆ. ನಾನು ನಿಮ್ಮ ಪಡಸಾಲೆಯಲ್ಲಿ ಬೂಟು ಬಿಚ್ಚುತ್ತಿದ್ದೆ. ಒಳಗಿಂದ ಒಂದು ನಾದ ಬಂತು. ಹಾಲು ಉಕ್ಕುವುದಕ್ಕೆ ಸ್ವಲ್ಪ ಮೊದಲು ಪಾತ್ರೆಯ ಅಂಚಿನಲ್ಲಿ ಸದ್ದಾಗುತ್ತದಲ್ಲ, ಅಂಥದ್ದು. ಒಂದು ಕಾಲಿನಲ್ಲಿ ಬೂಟು, ಒಂದು ಕಾಲು ಬರಿದು, ಹಾಗೇ ನಿಂತುಬಿಟ್ಟೆ. ಆ ವಯಸ್ಸಿನ ಮಕ್ಕಳು ತಂತಿಯನ್ನು ಕುಯ್ದು ಹಾಕುತ್ತಾರೆ. ಈ ಹುಡುಗಿ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದಾಳೆ ಎನ್ನಿಸಿತು. ನಿನಗೆ ಹೆಸರಿಟ್ಟದ್ದು ಅವತ್ತೇ. ಮತ್ತೆ ಬಂದಾಗಲೂ ಅದೇ ಮೆಲುದನಿ. ಆ ಕೈಗೆಂದೇ ಮೇಲುಹಲಗೆಯನ್ನು ತೆಳ್ಳಗೆ ತೆಗೆದೆ, ಬೆಳಕಿಗೆ ಹಿಡಿದರೆ ಬೆರಳಿನ ನೆರಳು ಕಾಣುವಷ್ಟು. ಮುಟ್ಟಿದರೆ ಸಾಕು, ಮಾತಾಡಬೇಕು. ಒಳಗೆ ಅಂಟಿಸಿದ ಚೀಟಿಯಲ್ಲಿ ನನ್ನ ಹೆಸರು ಹಾಕಲಿಲ್ಲ, ನಿನ್ನದೇ ಹಾಕಿದೆ. ನನ್ನ ಕಸುಬಿನಲ್ಲಿ ಹಾಗೆ ಇನ್ನೊಂದು ಸಲ ಮಾಡಿಲ್ಲ.

ಆ ಕೈಗೆ ಏನಾಯಿತು? ಲಾಂಡ್ರಿಯಲ್ಲಿ ಒದ್ದೆ ಹಾಸಿಗೆ ಬಟ್ಟೆ ಎಳೆದೆಳೆದು ಒರಟಾಗಿದೆ, ಬೇರೇನಲ್ಲ. ಪಾರ್ಸೆಲಿನಲ್ಲಿ ದಪ್ಪ ತಂತಿಗಳನ್ನೂ ಅವನ್ನು ಎತ್ತಿ ಹಿಡಿಯುವ ಹೊಸ ಕುದುರೆಯನ್ನೂ ಕಳಿಸಿದ್ದೇನೆ. ಹಾಕಿ ನೋಡು. ಟ್ರಂಕಿನಲ್ಲಿ ಸಿಕ್ಕಿದ ಆ ಪಿಟೀಲೆಂಬ ಪ್ಯಾಕಿಂಗ್ ಪೆಟ್ಟಿಗೆಯಲ್ಲಿ ಟೊಮೆಟೊ ತುಂಬಿಸಿಡಲು ಹೇಳು.

ನಿನ್ನ ಮಾವ


ಮಾರ್ಚ್ ೧

ಮಾವ,

ತಂತಿ ಹಾಕಿದೆ. ಕುದುರೆ ಬದಲಿಸಿದೆ. ನೀವು ಹೇಳದೆ ಇದ್ದದ್ದನ್ನೂ ಮಾಡಿದೆ: ಕಮಾನಿನ ಕೂದಲನ್ನು ಬಿಗಿ ಮಾಡಿದೆ, ಸಡಿಲ ಮಾಡಿದೆ, ರಾಳ ಹೆಚ್ಚು ಹಚ್ಚಿದೆ, ಕಡಿಮೆ ಹಚ್ಚಿದೆ. ಮೆಲ್ಲಗೆ ಎಳೆದರೆ ಅದು ಮೊದಲಿನಂತೆಯೇ ಮಾತಾಡುತ್ತದೆ. ನನ್ನ ಕೈ ಕೇಳುವ ಒತ್ತು ಕೊಟ್ಟೆನೋ, ಗಂಟಲು ಕಟ್ಟಿಕೊಂಡು ಕರಕರ ಎನ್ನುತ್ತದೆ. ಹೋದ ಭಾನುವಾರ ದಪ್ಪ ತಂತಿಯ ಬಿಗಿಗೆ ಕುದುರೆಯ ಕೆಳಗೆ ಹಲಗೆ ತಗ್ಗುತ್ತಿರುವುದು ಕಂಡಿತು. ತಕ್ಷಣ ಹಳೆಯ ತಂತಿಯನ್ನೇ ಹಾಕಿದೆ. ಇನ್ನು ಅದನ್ನು ಹಿಂಸಿಸುವುದಿಲ್ಲ.

ನನ್ನ ಕೈಗೆ ಲಾಂಡ್ರಿಯಲ್ಲಿ ಏನೂ ಆಗಿಲ್ಲ. ಅದು ಮೊದಲಿನಿಂದಲೂ ಹೀಗೇ ಇತ್ತು. ನಿಮಗೆ ನೋವಾದರೂ ಇದನ್ನು ಬರೆಯಲೇಬೇಕು.

ನೀವು ಪಡಸಾಲೆಯಲ್ಲಿ ಕೇಳಿದ್ದು ನನ್ನ ಕೈಯಲ್ಲ. ಅಪ್ಪನ ನಿದ್ದೆ. ಅಪ್ಪ ರಾತ್ರಿಯಿಡೀ ಬೇಕರಿಯ ಒಲೆಯ ಮುಂದೆ ನಿಂತು ಬಂದು ಹಗಲು ಮಲಗುತ್ತಿದ್ದರು. ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ, ಅದೂ ನಿಮ್ಮ ಪಿಟೀಲಿನಷ್ಟೇ ತೆಳ್ಳಗಿನದು. ನಾನು ಪಿಟೀಲು ಎತ್ತಿಕೊಂಡರೆ ಸಾಕು, ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಬಂದು ತುಟಿಯ ಮೇಲೆ ಬೆರಳಿಡುತ್ತಿದ್ದಳು. "ಮೆಲ್ಲಗೆ. ಅಪ್ಪ ಮಲಗಿದಾರೆ." ನಾನು ಕಮಾನನ್ನು ತಂತಿಗೆ ತಾಗಿಸಿಯೂ ತಾಗಿಸದ ಹಾಗೆ ಎಳೆಯುತ್ತಿದ್ದೆ, ಉಸಿರು ಕೂಡ ಬಿಡದೆ. ನೀವು ಬರುತ್ತಿದ್ದದ್ದು ಯಾವಾಗಲೂ ಹಗಲಿನ ಬಸ್ಸಿಗೆ. ಹಾಗಾಗಿ ನೀವು ಬೇರೆ ಏನನ್ನೂ ಕೇಳಲೇ ಇಲ್ಲ.

ನೀವು ಹೆಸರಿಟ್ಟಾಗ ನನಗೆ ಹೆಮ್ಮೆಯಾಗಿತ್ತು. ಶಾಲೆಯಲ್ಲಿ ನನ್ನನ್ನು ಬಾಯಿಬಡುಕಿ ಎನ್ನುತ್ತಿದ್ದರು. ಒಬ್ಬರಾದರೂ ಒಳ್ಳೆಯ ಹೆಸರಿಟ್ಟರಲ್ಲ ಎಂದು ಅದನ್ನೇ ತೊಟ್ಟುಕೊಂಡೆ. ಈಗ ಅದು ಭುಜದಲ್ಲಿ ಬಿಗಿಯುತ್ತಿದೆ.

ನೀವು ಮಾಡಿದ್ದರಲ್ಲಿ ತಪ್ಪಿಲ್ಲ. ಕೇಳಿದ ಕೈಗೆ ಸರಿಯಾಗಿಯೇ ಮಾಡಿದಿರಿ. ಆ ಕೈ ನನ್ನದಾಗಿರಲಿಲ್ಲ.

ನಿಮ್ಮ ತಂಗಿಯ ಮಗಳು


ಮಾರ್ಚ್ ೯

ಪಿಟೀಲು ಕಳಿಸಬೇಡ. ಕಾಗದವನ್ನೂ ಬರೆಯಬೇಡ. ಕೆಲಸವಿದೆ.

ಮಾವ


ಮಾರ್ಚ್ ೨೬

ಮಗಳೇ,

ನಾನು ಬರೆಯುವವನಲ್ಲ, ನಿನಗೆ ಗೊತ್ತು. ಬೇಕರಿಯ ಕಾಗದದಲ್ಲಿ ಬರೆಯುತ್ತಿದ್ದೇನೆ, ಜಿಡ್ಡಾಗಿದ್ದರೆ ಏನೂ ಅಂದುಕೊಳ್ಳಬೇಡ.

ನಿನ್ನ ಮಾವ ಬಂದಿದ್ದರು. ಹೇಳದೆ ಕೇಳದೆ. ಕಂಕುಳಲ್ಲಿ ಒಂದು ಪಿಟೀಲು. ನಾನು ಆಗಷ್ಟೇ ಕೆಲಸದಿಂದ ಬಂದು ಮಲಗಿದ್ದೆ. ಮುಂದಿನದನ್ನು ನಿನ್ನಮ್ಮ ಹೇಳಿ ತಿಳಿದದ್ದು.

ಅವರು ಬಾಗಿಲಲ್ಲೇ ನಿಂತು, "ನಿನ್ನ ಗಂಡ ಮಲಗಿದ್ದಾಗ ಮಗುವಿಗೆ ಗಟ್ಟಿಯಾಗಿ ನುಡಿಸಬೇಡ ಅಂತಿದ್ಯಂತೆ. ಹೌದೋ ಅಲ್ವೋ?" ಎಂದರಂತೆ.

"ಅಂದೆ. ದುಡಿದು ಬಂದವರ ನಿದ್ದೆ ಕೆಡಿಸೋದಾ ಅಣ್ಣ?" ಎಂದಳಂತೆ ನಿನ್ನಮ್ಮ.

"ಕೆಟ್ಟಿತ್ತಾ ಯಾವತ್ತಾದ್ರೂ?"

"ಕೆಡೋಕೆ ನಾನು ಬಿಟ್ಟಿದ್ರೆ ತಾನೇ?"

ಅಷ್ಟಕ್ಕೆ ನಿನ್ನ ಮಾವ ನೇರ ನನ್ನ ಕೋಣೆಗೆ ಬಂದು, ಮಂಚದ ಪಕ್ಕ ನಿಂತು, ಪೂರ್ತಿ ಜೋರಿನಲ್ಲಿ ಎಳೆದರಂತೆ. ನಿನ್ನಮ್ಮ ಕೈ ಹಿಡಿದು ಜಗ್ಗಿದಳಂತೆ, ಬಿಡಲಿಲ್ಲವಂತೆ. ಪಕ್ಕದ ಮನೆಯವರು ಬಂದು ಏನಾಯಿತೆಂದು ಇಣುಕಿದರಂತೆ. ನಾನು ಮಗ್ಗುಲೂ ಬದಲಿಸಲಿಲ್ಲವಂತೆ.

ಅಲ್ಲ ಮಗಳೇ, ನಾನು ಹಿಟ್ಟು ಕಲಸುವ ಮಿಷನ್ನಿಗೆ ಒರಗಿ ನಿಂತೇ ನಿದ್ದೆ ಹೊಡೆದವನು. ನಿನ್ನ ಪಿಟೀಲಿಗೆ ಏಳುತ್ತಿದ್ದೆನೇ? ನೀನು ಮನೆಯಲ್ಲಿ ಏನು ನುಡಿಸುತ್ತಿದ್ದೆ ಎಂಬುದೇ ನನಗೆ ಗೊತ್ತಿಲ್ಲ. ಕೇಳಬೇಕು ಎಂದು ಆಗಾಗ ಅನ್ನಿಸುತ್ತಿತ್ತು. ನನಗೆ ಎಚ್ಚರವಾಗುವ ಹೊತ್ತಿಗೆ ನೀನು ಪೆಟ್ಟಿಗೆ ಮುಚ್ಚಿರುತ್ತಿದ್ದೆ.

ನಾನು ಎದ್ದಾಗ ನಿನ್ನ ಮಾವ ಮಂಚದ ತುದಿಯಲ್ಲಿ ಕೂತಿದ್ದರು. "ಏನ್ರೀ, ಯಾವಾಗ ಬಂದ್ರಿ?" ಎಂದೆ. ಪಿಟೀಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎದ್ದರು. ಊಟಕ್ಕೂ ನಿಲ್ಲಲಿಲ್ಲ. ನಿನ್ನಮ್ಮ ಅವತ್ತು ಸಂಜೆಯವರೆಗೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ನಿನಗೆ ಏನಾದರೂ ಬರೆಯಬೇಕೇ ಎಂದು ಈಗ ಕೇಳಿದೆ. "ಉಂಡು ಮಲಗಲಿ, ಕೆಲಸಕ್ಕೆ ನಿಂತಾಗ ಕೈ ಜೋಪಾನ ಅಂತ ಬರೀರಿ" ಎಂದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಂದು, "ಜೋರಾಗಿ ಬಾರಿಸಲಿ ಅಂತನೂ ಹಾಕಿ" ಎಂದಳು. ಹಾಕಿದ್ದೇನೆ.

ಅಪ್ಪ


ಏಪ್ರಿಲ್ ೭

ಮಾವನವರಿಗೆ,

ಬರೆಯಬೇಡ ಎಂದಿದ್ದಿರಿ. ಬರೆಯುತ್ತಿದ್ದೇನೆ. ನೀವು ಮನೆಗೆ ಹೋಗಿದ್ದು ಅಪ್ಪನಿಂದ ತಿಳಿಯಿತು. ಅದರ ಬಗ್ಗೆ ನಾನು ಏನೂ ಕೇಳುವುದಿಲ್ಲ.

ನನ್ನ ಎದುರು ಕೋಣೆಯಲ್ಲಿ ಒಬ್ಬ ನರ್ಸಕ್ಕ ಇದ್ದಾರೆ. ಒಂಟಿ. ನಾವು ಲಾಂಡ್ರಿಯಲ್ಲಿ ಒಗೆಯುವ ಹಾಸಿಗೆ ಬಟ್ಟೆಗಳು ಅವರ ಆಸ್ಪತ್ರೆಯವೇ. "ನಾನು ಕೊಳೆ ಮಾಡಿಸ್ತೀನಿ, ನೀನು ತೆಗೀತೀಯ. ಇಬ್ರಿಗೂ ಕೆಲಸ ತಪ್ಪಲ್ಲ" ಎಂದು ನಗುತ್ತಾರೆ. ಹೋದ ವಾರ ನನ್ನ ಕೋಣೆಗೆ ಸುಣ್ಣ ಹೊಡೆಯುವವರು ಬಂದಿದ್ದರು. ಧೂಳು ಕೂರಬಾರದೆಂದು ಪಿಟೀಲನ್ನು ಅವರ ಕೋಣೆಯಲ್ಲಿ ಇಟ್ಟು ಕೆಲಸಕ್ಕೆ ಹೋದೆ.

ಮಧ್ಯಾಹ್ನ ಮೆಟ್ಟಿಲು ಹತ್ತುತ್ತಿದ್ದೆ. ಮೇಲಿನಿಂದ ನಿಮ್ಮ ಹಾಲಿನ ಸದ್ದು ಬಂತು.

ನೀವು ಬರೆದಿದ್ದಿರಲ್ಲ, ಪಾತ್ರೆಯ ಅಂಚಿನಲ್ಲಿ ಆಗುವ ಸದ್ದು. ಅದನ್ನು ಓದಿದಾಗ ನನಗೆ ಅರ್ಥವಾಗಿರಲಿಲ್ಲ. ನಾನು ಅಷ್ಟು ಮೆಲ್ಲಗೆ ಎಳೆಯುವಾಗ ಹೆದರಿಕೆಯಲ್ಲಿ ಇರುತ್ತಿದ್ದೆ, ನಾದ ಕೇಳುವಷ್ಟು ಸಮಾಧಾನ ಇರಲಿಲ್ಲ. ಮೆಟ್ಟಿಲ ಮೇಲೆ, ಒಂದು ಕಾಲು ಮೇಲೆ ಒಂದು ಕಾಲು ಕೆಳಗೆ, ಹಾಗೇ ನಿಂತೆ. ನಿಮ್ಮ ಪಿಟೀಲು ಎಷ್ಟು ಒಳ್ಳೆಯದು ಎಂದು ನನಗೆ ಗೊತ್ತಾಗಿದ್ದು ಅಲ್ಲಿ, ಮಾವ.

ಬಾಗಿಲು ತಳ್ಳಿದೆ. ನರ್ಸಕ್ಕ ಗಾಬರಿಯಾಗಿ, "ಬೈಬೇಡ ಕಣೇ, ಬರೀ ನೋಡೋಣ ಅಂತ ಪೆಟ್ಟಿಗೆ ತೆಗೆದೆ, ಕೈ ಕೇಳಲಿಲ್ಲ" ಎಂದರು. ಚಿಕ್ಕಂದಿನಲ್ಲಿ ಕಲಿತಿದ್ದರಂತೆ. ಕೆಲಸಕ್ಕೆ ಸೇರಿದ ಮೇಲೆ ಬಿಟ್ಟುಹೋಯಿತಂತೆ.

"ಯಾಕೆ ಅಷ್ಟು ಮೆಲ್ಲಗೆ? ಈ ಹೊತ್ತಲ್ಲಿ ಇಲ್ಲಿ ಯಾರೂ ಮಲಗಿಲ್ವಲ್ಲ" ಎಂದೆ.

"ಯಾರಿಗೋಸ್ಕರನೂ ಅಲ್ಲ. ಬೆಳಗಿಂದ ವಾರ್ಡಲ್ಲಿ ಬರೀ ಕೂಗಾಟ ಕೇಳಿರ್ತೀನಿ. ನಂಗೆ ಹೀಗೇ ಇಷ್ಟ" ಎಂದರು.

ಯಾರೂ ಬೆರಳು ತೋರಿಸದೆ ಮೆಲ್ಲಗೆ ನುಡಿಸುವವರೂ ಇದ್ದಾರೆ ಎಂದು ನಾನು ಯೋಚಿಸಿಯೇ ಇರಲಿಲ್ಲ.

ಆಮೇಲೆ ಅವರು ಪಿಟೀಲನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿ ಒಳಗೆ ಇಣುಕಿದರು. "ನೋಡೇ, ಇದಕ್ಕೊಂದು ಹೆಸರೂ ಇದೆ! ಪಿಸುಮಾತು ಅಂತೆ. ಮಾಡಿದೋರು ಯಾರೇ? ಎಷ್ಟು ಸರಿಯಾಗಿ ಹೆಸರಿಟ್ಟಿದಾರೆ!"

ಅದು ಪಿಟೀಲಿನ ಹೆಸರಲ್ಲ, ನನ್ನದು ಎಂದು ಹೇಳಲು ಬಾಯಿ ತೆರೆದೆ. ನನ್ನ ಸ್ವಭಾವ ನಿಮಗೆ ಗೊತ್ತಲ್ಲ, ತಪ್ಪು ಕಂಡರೆ ತಿದ್ದದೆ ಇರಲಾರೆ. ಆದರೆ ಇಲ್ಲಿ ತಿದ್ದಿದ್ದರೆ ಸುಳ್ಳು ಹೇಳಿದಂತಾಗುತ್ತಿತ್ತು. ಬಾಯಿ ಮುಚ್ಚಿಕೊಂಡೆ.

ಪಿಟೀಲನ್ನು ಅವರಿಗೆ ಕೊಡುತ್ತೇನೆ. ನಾನು ನಿಮ್ಮ ಅಪ್ಪಣೆ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ಕೋಪ ಬಂದರೆ ಬರಲಿ, ಅದನ್ನು ನನ್ನ ಮೇಲೆಯೇ ಇಟ್ಟುಕೊಳ್ಳಿ, ಅಮ್ಮನ ಮೇಲೆ ಬೇಡ. ಅದು ಬೇರೆ ಯಾರ ಕೈಗೂ ಹೋಗಬಾರದು ಎಂದು ನಿಮಗನ್ನಿಸಿದರೆ ಮಾತ್ರ ಬರೆಯಿರಿ. ಆಗ ನಾನೇ ಹೊತ್ತು ತಂದು ನಿಮ್ಮ ಮೇಜಿನ ಮೇಲೆ ಇಡುತ್ತೇನೆ. ಎರಡರಲ್ಲಿ ಯಾವುದಾದರೂ ಸರಿ, ನಾನು ತಂಡದ ಜೊತೆ ಹೋಗುತ್ತೇನೆ, ಪ್ಯಾಕಿಂಗ್ ಪೆಟ್ಟಿಗೆ ಹೊತ್ತುಕೊಂಡು.

ಇಂತಿ
ನಿಮ್ಮ ತಂಗಿಯ ಮಗಳು


ಏಪ್ರಿಲ್ ೧೬

ನನ್ನ ತಂಗಿಯ ಮಗಳಿಗೆ,

ಏನೆಂದು ಕರೆಯಲಿ ಎಂದು ತೋಚದೆ ಈ ಕಾಗದ ಮೇಜಿನ ಮೇಲೆ ಖಾಲಿ ಬಿದ್ದಿತ್ತು. ನೀನೇ ಸಹಿ ಹಾಕಿದ್ದನ್ನು ನೋಡಿ ಅದನ್ನೇ ಎತ್ತಿಕೊಂಡೆ.

ನಿನ್ನಪ್ಪ ಮನುಷ್ಯನಲ್ಲ, ಮರದ ದಿಮ್ಮಿ. ಅಷ್ಟು ಹತ್ತಿರ ನಿಂತು ನುಡಿಸಿದೆ, ಗೊರಕೆಯ ತಾಳ ಕೂಡ ತಪ್ಪಲಿಲ್ಲ. ಆ ಮಂಚದ ಮೇಲೆ ಕೂತಾಗ ನನಗೆ ಮೊದಲು ನಗು ಬಂತು. ಆಮೇಲೆ ಬಂದದ್ದು ಬೇರೆ. ನನ್ನ ಕೆಲಸದಲ್ಲಿ ಮರವನ್ನು ತಟ್ಟಿ ನೋಡುತ್ತೇನೆ, ಬಾಗಿಸಿ ನೋಡುತ್ತೇನೆ, ಒಂದು ಚೂರನ್ನು ನಂಬುವ ಮೊದಲು ನೂರು ಸಲ ಅನುಮಾನಿಸುತ್ತೇನೆ. ನಿನ್ನ ವಿಷಯದಲ್ಲಿ ಮಾತ್ರ ಪಡಸಾಲೆಯಲ್ಲಿ ನಿಂತು ಕೇಳಿದ್ದೇ ಸಾಕಾಯಿತು. ಒಳಗೆ ಬಂದು "ನಿನಗೆ ಹೇಗೆ ನುಡಿಸಲು ಇಷ್ಟ" ಎಂದು ಒಂದು ಮಾತು ಕೇಳಲಿಲ್ಲ. ಆ ನಾದ ಚೆನ್ನಾಗಿತ್ತು, ಅದಕ್ಕೇ ಕೇಳಲಿಲ್ಲ. ನಿನ್ನಮ್ಮ ನಿದ್ದೆ ಕೆಟ್ಟೀತೆಂದು ನಿನ್ನನ್ನು ತಡೆದಳು. ನಾನು ಆ ತಡೆಗೇ ಒಂದು ಹೆಸರಿಟ್ಟು ಮರದಲ್ಲಿ ಕೂರಿಸಿಬಿಟ್ಟೆ.

ಆ ನರ್ಸಮ್ಮನಿಗೆ ಕೊಡು. ಒಲೆಯ ಹತ್ತಿರ ಇಡಬಾರದು, ಕಿಟಕಿಯ ಬಿಸಿಲಿಗೂ ಬೇಡ ಎಂದು ಹೇಳು. ತಂತಿ ಸುತ್ತುವ ಬಿರಡೆ ಬಿಗಿಯಾದರೆ ನನಗೆ ಬರೆಯಲಿ, ಅಲ್ಲಿಯ ಯಾವನ ಕೈಗೂ ಕೊಡುವುದು ಬೇಡ. ಚೀಟಿ ಹಾಗೇ ಇರಲಿ, ಕೀಳಬೇಡ. ಹೆಸರು ಕೊನೆಗೂ ಸರಿಯಾದ ಕಡೆ ಸೇರಿತು.

ನಿನಗೆ ಬೇರೆ ಹೆಸರು ಇಡಬೇಕು. ಆದರೆ ಅವಸರವಿಲ್ಲ. ಈ ಸಲ ಮೊದಲು ಕೇಳಿಸಿಕೊಂಡು ಆಮೇಲೆ ಇಡುತ್ತೇನೆ. ನಿಮ್ಮ ತಂಡ ನಮ್ಮ ಊರಿನ ಬಯಲಿಗೂ ಬರುವುದುಂಟೇ?

ಇದರ ಜೊತೆ ಒಂದು ಕಮಾನು ಬರುತ್ತದೆ. ಭಾರದ್ದು. ನಿಮ್ಮ ಮನೆಯಿಂದ ವಾಪಸು ಬಂದ ಮೇಲೆ ಹಿಡಿದ ಕೆಲಸ. ಪ್ಯಾಕಿಂಗ್ ಪೆಟ್ಟಿಗೆ ಮುರಿದರೂ ಇದು ಮುರಿಯುವುದಿಲ್ಲ. ಹೋಗು. ಚೆನ್ನಾಗಿ ಬಾರಿಸು.

ಹೌದು, ಬಾರಿಸು ಎಂದೇ ಬರೆದಿದ್ದೇನೆ.

ನಿನ್ನ ಮಾವ


ಏಪ್ರಿಲ್ ೨೭

ಮಾವ,

ಕಮಾನು ತಲುಪಿತು. ಗೋದಾಮಿನಲ್ಲಿ ಬಾರಿಸಿದಾಗ ತುತ್ತೂರಿಯಣ್ಣ ತುತ್ತೂರಿ ಕೆಳಗಿಳಿಸಿ, "ಸ್ವಲ್ಪ ಮೆಲ್ಲಗಮ್ಮ, ನಮ್ದೂ ಕೇಳಿಸ್ಲಿ" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮೆಲ್ಲಗೆ ಮಾಡಲಿಲ್ಲ.

ಪಿಟೀಲನ್ನು ಇವತ್ತು ಬೆಳಿಗ್ಗೆ ಕೊಟ್ಟೆ. ನರ್ಸಕ್ಕ ಡ್ಯೂಟಿಗೆ ಹೊರಟಿದ್ದರು. ಪೆಟ್ಟಿಗೆಯನ್ನು ಅವರ ಕೈಗಿಟ್ಟು "ಇದು ನಿಮ್ದು" ಎಂದೆ. ಬೇಡ ಎಂದರು, ನಾನು ಕೇಳಲಿಲ್ಲ. ಒಲೆ, ಬಿಸಿಲು, ಬಿರಡೆ ಎಲ್ಲ ಹೇಳಿದೆ. ಒಗ್ಗದೆ ಹೋದರೆ ಅವತ್ತೇ ಬರೆದು ತಿಳಿಸಬೇಕು, ನನ್ನ ಹಾಗೆ ವರ್ಷಗಟ್ಟಲೆ ಕೂರಬಾರದು ಎಂದೂ ಹೇಳಿದೆ. ಅವರು ಡ್ಯೂಟಿಯನ್ನು ಮರೆತು ಪೆಟ್ಟಿಗೆ ಅಪ್ಪಿಕೊಂಡು ಮಂಚದ ಮೇಲೆ ಕೂತುಬಿಟ್ಟರು. ನನಗೂ ಕಣ್ಣೀರು ಬಂತು. ಬರಲಿಲ್ಲ ಎಂದು ಬರೆಯಲಾರೆ.

ನನ್ನ ಕೋಣೆ ಖಾಲಿಯಾಗಿದೆ. ಪೆಟ್ಟಿಗೆ ಇಡುತ್ತಿದ್ದ ಮೂಲೆಯ ಕಡೆಗೆ ಕೈ ಇನ್ನೂ ಹೋಗುತ್ತಿದೆ. ಲಾಂಡ್ರಿಯಲ್ಲಿ ಹೇಳಿ ಬಂದೆ. ಬಿಡುವ ಕಾರಣ ಕೇಳಿದರು. "ಬಾರಿಸೋಕೆ ಹೋಗ್ತಿದೀನಿ" ಎಂದೆ. ಯಾರನ್ನು ಎಂದು ಕೇಳಿದರು.

ನಿಮ್ಮ ಊರು ನಮ್ಮ ದಾರಿಯಲ್ಲಿದೆ, ಯಾವಾಗ ಎಂದು ಗೊತ್ತಿಲ್ಲ. ಅಪ್ಪ ಅಮ್ಮನಿಗೂ ಬರೆದಿದ್ದೇನೆ, ಬಂದು ಮುಂದೆಯೇ ಕೂರಬೇಕು ಎಂದು. ಅಪ್ಪ ನಿದ್ದೆ ಹೋದರೂ ಪರವಾಗಿಲ್ಲ.

ಸಹಿಯ ಜಾಗವನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ. ನಾಳೆ ಬೆಳಗಿನ ಲಾರಿಗೆ ಹೊರಡುತ್ತೇನೆ.